ಯತೀಮನಿಗೆ ತಾಯಿ ಇದ್ದಾಳೆ



ಕಳೆದ ತಿಂಗಳು ಎರಡು ಜುಮಾಗಳಲ್ಲಿ ಯತೀಮರ ಹಕ್ಕುಗಳ ಬಗ್ಗೆ ಬಯಾನ್ ಮಾಡಿದ್ದೆ. ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ನಮಾಝ್ ಮುಗಿದ ಮೇಲೆ ಕೆಲವು ಯುವಕರು ಬಂದು ಕೇಳಿದರು: "ಹಝ್ರತ್, ಯತೀಮ್‌ಖಾನೆ ಎನ್ನುವುದು ಪ್ರವಾದಿಯವರ(ಸ) ಕಾಲದಲ್ಲಿ ಇತ್ತೇ? ನಮ್ಮ ಕಡೆಗೆ ಅದು ಯಾವಾಗ ಬಂತು?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ಒಬ್ಬ ಹೆಣ್ಣುಮಗಳು ಇದ್ದತ್ ಮುಗಿಸಿ ಮಸೀದಿಯ ಬಾಗಿಲಿಗೆ ಬಂದಿದ್ದಳು. ಗಂಡ ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದವನು, ಲಾರಿಗೆ ಮೂಟೆ ಏರಿಸುವಾಗ ಬಿದ್ದು ತೀರಿಕೊಂಡಿದ್ದ. ಇಬ್ಬರು ಗಂಡುಮಕ್ಕಳು, ಒಬ್ಬನಿಗೆ ಒಂಬತ್ತು, ಇನ್ನೊಬ್ಬನಿಗೆ ಆರು. ಸೀರೆಗೆ ಫಾಲ್ಸ್ ಹಾಕಿ ಬರುವ ದುಡ್ಡು ಬಾಡಿಗೆಗೇ ಸಾಲುತ್ತಿರಲಿಲ್ಲ. ದೂರದ ಊರಿನ ಒಂದು ಯತೀಮ್‌ಖಾನೆಯಲ್ಲಿ ಊಟ, ಬಟ್ಟೆ, ಓದು ಎಲ್ಲ ಉಚಿತ ಎಂದು ಯಾರೋ ಹೇಳಿದ್ದರು. ಮಸೀದಿಯ ಮೊಹರು ಇರುವ ಒಂದು ಪತ್ರ ಬೇಕಿತ್ತು. ನಾನು ಹೆಚ್ಚು ಯೋಚಿಸಲಿಲ್ಲ. ಹತ್ತು ನಿಮಿಷದಲ್ಲಿ ಪತ್ರ ಬರೆದು ಮೊಹರು ಒತ್ತಿಕೊಟ್ಟೆ. ಒಂದು ಸವಾಬಿನ ಕೆಲಸ ಆಯಿತು ಅಂದುಕೊಂಡೆ. ಅದೇ ವರ್ಷ ನಮ್ಮ ಜಮಾಅತ್ ಮಸೀದಿಯ ಮುಂಭಾಗಕ್ಕೆ ಹೊಸ ಟೈಲ್ಸ್ ಹಾಕಿಸಿತು. ಚಂದಾ ಎತ್ತಲು ನಾನೇ ಮೈಕಿನಲ್ಲಿ ಮಾತಾಡಿದ್ದೆ.

ನಾಲ್ಕು ವರ್ಷದ ನಂತರ ಈದ್ ರಜೆಗೆ ಬಂದಿದ್ದ ಆ ಚಿಕ್ಕ ಹುಡುಗ ನನ್ನ ಹತ್ತಿರ ಬಂದು ಸಲಾಂ ಹೇಳಿದ. ಒಳ್ಳೆಯ ಅದಬು ಕಲಿತಿದ್ದ, ಕುರ್‌ಆನ್ ಚೆನ್ನಾಗಿ ಓದುತ್ತಿದ್ದ. ಹೋಗುವಾಗ ಮೆಲ್ಲನೆ ಕೇಳಿದ: "ಹಝ್ರತ್, ಅಮ್ಮಿ ನಮ್ಮನ್ನು ಯಾಕೆ ಕೊಟ್ಟುಬಿಟ್ಟರು?"

ಅವನ ತಾಯಿ ಅವನನ್ನು ಕೊಟ್ಟಿರಲಿಲ್ಲ. ನಾವು ತೆಗೆದುಕೊಂಡಿದ್ದೆವು. ಅವಳಿಗೆ ಬೇಕಾಗಿದ್ದದ್ದು ತಿಂಗಳಿಗೆ ಎರಡೋ ಮೂರೋ ಸಾವಿರ ರೂಪಾಯಿ, ಮತ್ತು ಶಾಲೆಯ ಫೀಸಿನ ಬಗ್ಗೆ ವಿಚಾರಿಸುವ ಒಬ್ಬ ಗಂಡಸು. ಅದನ್ನು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ, ಕೇಳದೆಯೇ ತಿಳಿದುಕೊಳ್ಳುವ ಬುದ್ಧಿ ನಮಗೆ ಇರಲಿಲ್ಲ. ಆ ಯತೀಮ್‌ಖಾನೆಯವರ ತಪ್ಪು ಇದರಲ್ಲಿ ಏನೂ ಇಲ್ಲ. ತಪ್ಪು ನನ್ನ ಪತ್ರದ್ದು.

ಒಂದು ಪದದ ಕಥೆ

ಅರಬಿಯಲ್ಲಿ ಯತೀಮ್ ಎಂದರೆ ಪ್ರಾಯಕ್ಕೆ ಬರುವ ಮೊದಲು ತಂದೆಯನ್ನು ಕಳೆದುಕೊಂಡ ಮಗು. ಫಿಕ್ಹ್‌ನ ಎಲ್ಲ ಮಝ್‌ಹಬ್‌ಗಳಲ್ಲೂ ಇದೇ ಅರ್ಥ. ಅಂದರೆ ಸಾಮಾನ್ಯವಾಗಿ ಯತೀಮನಿಗೆ ತಾಯಿ ಇರುತ್ತಾಳೆ. ನಾವು ಕನ್ನಡದಲ್ಲಿ ಅದನ್ನು 'ಅನಾಥ' ಎಂದು ಹೇಳುತ್ತಾ ಬಂದೆವು. ಅನಾಥ ಎಂದರೆ ನಾಥನಿಲ್ಲದವನು, ಕೇಳುವವರೇ ಇಲ್ಲದವನು. ಎರಡು ಪದಗಳ ನಡುವೆ ಒಬ್ಬ ಜೀವಂತ ತಾಯಿ ಕಾಣದಂತಾದಳು. ಪದ ಬದಲಾದರೆ ಕೆಲಸವೂ ಬದಲಾಗುತ್ತದೆ. ಅನಾಥನಿಗೆ ಮನೆ ಕಟ್ಟಿಸಬೇಕು. ಯತೀಮನಿಗೆ ಮನೆ ಈಗಾಗಲೇ ಇದೆ, ಅದು ಬೀಳದಂತೆ ನೋಡಿಕೊಳ್ಳಬೇಕು.

ನಮ್ಮ ಪ್ರವಾದಿಯವರೇ(ಸ) ಯತೀಮರಾಗಿದ್ದರು. ತಂದೆ ಅಬ್ದುಲ್ಲಾಹ್ ಮಗ ಹುಟ್ಟುವ ಮೊದಲೇ ತೀರಿಕೊಂಡರು. ಆರು ವರ್ಷದವರಿದ್ದಾಗ ತಾಯಿ ಆಮಿನಾ ಅಬ್ವಾ ಎಂಬಲ್ಲಿ ಕೊನೆಯುಸಿರೆಳೆದರು. ಎಂಟನೆಯ ವಯಸ್ಸಿನಲ್ಲಿ ತಾತ ಅಬ್ದುಲ್ ಮುತ್ತಲಿಬರೂ ಹೋದರು. ನಂತರ ತಂದೆಯ ಸಹೋದರ ಅಬೂತಾಲಿಬರು ತಮ್ಮ ಮಕ್ಕಳ ಜೊತೆ ಸಾಕಿದರು. ಅಬೂತಾಲಿಬರು ಸಿರಿವಂತರಲ್ಲ, ಅವರಿಗೆ ಮಕ್ಕಳೂ ಬಹಳ. ಆದರೂ ಒಂದು ಮನೆಯಿಂದ ಇನ್ನೊಂದು ಮನೆಗೆ ಮಗು ಹೋಯಿತೇ ಹೊರತು ರಕ್ತಸಂಬಂಧದ ಹೊರಗೆ ಹೋಗಲಿಲ್ಲ. ಸೂರಾ ಅದ್ದುಹಾದಲ್ಲಿ ಅಲ್ಲಾಹನು ತನ್ನ ಪ್ರವಾದಿಗೆ ನೆನಪಿಸುವುದು ಈ ಆಶ್ರಯವನ್ನೇ. ಆ ನೆನಪಿನ ಬೆನ್ನಿಗೇ ಯತೀಮನನ್ನು ಗದರಬೇಡ ಎಂಬ ಆಜ್ಞೆ ಬರುತ್ತದೆ.

ಮದೀನಾದ ಮನೆಗಳು

ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ, ಉಹುದ್ ಯುದ್ಧ ನಡೆಯಿತು. ಸುಮಾರು 70 ಸಹಾಬಿಗಳು ಶಹೀದರಾದರು. ಮದೀನಾ ಚಿಕ್ಕ ಊರು. ಒಂದೇ ದಿನದಲ್ಲಿ ಅಷ್ಟು ಮನೆಗಳ ಗಂಡಸರು ಇಲ್ಲವಾದರು. ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ ಸಾಕುವುದು ಪ್ರವಾದಿಯವರಿಗೆ(ಸ) ಅಸಾಧ್ಯವಾಗಿರಲಿಲ್ಲ. ಮಸ್ಜಿದುನ್ನಬವಿಯ ಸುಫ್ಫಾದಲ್ಲಿ ಮನೆಯಿಲ್ಲದ ಬಡವರು ಇರುತ್ತಿದ್ದರಲ್ಲ! ಆದರೆ ಯತೀಮರ ವಿಷಯದಲ್ಲಿ ಅವರು ಹಿಡಿದ ದಾರಿ ಬೇರೆ.

ಸಅದ್ ಬಿನ್ ರಬೀಅ್(ರ) ಉಹುದ್‌ನಲ್ಲಿ ಶಹೀದರಾದಾಗ ಅವರ ಆಸ್ತಿಯನ್ನೆಲ್ಲ ಅವರ ಸಹೋದರ ತೆಗೆದುಕೊಂಡುಬಿಟ್ಟರು. ವಿಧವೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ(ಸ) ಮುಂದೆ ಬಂದು ನಿಂತರು. ದುಡ್ಡಿಲ್ಲದೆ ಈ ಮಕ್ಕಳ ಮದುವೆ ಹೇಗೆ ಎಂಬುದು ಅವರ ಅಳಲು. ವಾರಸುದಾರಿಕೆಯ ಆಯತ್ ಇಳಿದ ಸಂದರ್ಭಗಳಲ್ಲಿ ಇದೂ ಒಂದು ಎಂದು ಹದೀಸ್ ಗ್ರಂಥಗಳು ಹೇಳುತ್ತವೆ. ಪ್ರವಾದಿಯವರು(ಸ) ಆ ಚಿಕ್ಕಪ್ಪನನ್ನು ಕರೆಸಿ ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ತಾಯಿಗೆ ಎಂಟನೇ ಒಂದು ಪಾಲು ಕೊಡಿಸಿದರು. ಉಳಿದದ್ದು ಮಾತ್ರ ಅವನಿಗೆ. ಗಮನಿಸಿ, ಆ ತಾಯಿಗೆ ಸಿಕ್ಕಿದ್ದು ದಾನವಲ್ಲ, ಹಕ್ಕು. ಮಕ್ಕಳು ಅವಳ ಮಡಿಲಲ್ಲೇ ಉಳಿದರು.

ಜಾಬಿರ್ ಬಿನ್ ಅಬ್ದುಲ್ಲಾಹ್‌ರ(ರ) ತಂದೆಯೂ ಉಹುದ್‌ನಲ್ಲಿ ಶಹೀದರು. ಬಿಟ್ಟುಹೋದದ್ದು ಸಾಲ ಮತ್ತು ಎಳೆಯ ಹೆಣ್ಣುಮಕ್ಕಳ ದೊಡ್ಡ ಗುಂಪು. ಜಾಬಿರ್ ಆಗ ಮದುವೆಯ ವಯಸ್ಸಿನ ಯುವಕ. ಅವರು ಕನ್ಯೆಯನ್ನು ಬಿಟ್ಟು ಮೊದಲೇ ಒಮ್ಮೆ ಮದುವೆಯಾಗಿದ್ದ ಅನುಭವಸ್ಥೆಯನ್ನು ವರಿಸಿದರು. ತಂಗಿಯರ ತಲೆ ಬಾಚಿ, ಅವರನ್ನು ತಿದ್ದಿ ಬೆಳೆಸಬಲ್ಲ ಹೆಣ್ಣು ಮನೆಗೆ ಬೇಕಿತ್ತು ಎಂದು ಕಾರಣ ಹೇಳಿದಾಗ ಪ್ರವಾದಿಯವರು(ಸ) ಮೆಚ್ಚಿಕೊಂಡರು. ಸಾಲಗಾರರು ಬಂದಾಗ ಖರ್ಜೂರದ ರಾಶಿಯ ಹತ್ತಿರ ತಾವೇ ಬಂದು ಕುಳಿತು ಸಾಲ ತೀರಿಸಿಕೊಟ್ಟರು.

ಹಿಜರಿ 8ರಲ್ಲಿ ಮುಅ್ತಾ ಯುದ್ಧದಲ್ಲಿ ಜಅಫರ್ ಬಿನ್ ಅಬೀತಾಲಿಬ್(ರ) ಶಹೀದರಾದ ಸುದ್ದಿ ಬಂದಾಗ ಪ್ರವಾದಿಯವರು(ಸ) ಅವರ ಮನೆಗೆ ಹೋದರು. ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡು ಕಣ್ಣೀರಿಟ್ಟರು. ಆ ಮನೆಯವರು ದುಃಖದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳಿಸಿ ಎಂದು ಉಳಿದವರಿಗೆ ಹೇಳಿದರು. ಮೂರು ದಿನ ಕಳೆದ ಮೇಲೆ ಕ್ಷೌರಿಕನನ್ನು ಕರೆಸಿ ಮಕ್ಕಳ ತಲೆಗೂದಲು ತೆಗೆಸಿದರು. ತಾಯಿ ಅಸ್ಮಾ ಬಿಂತ್ ಉಮೈಸ್(ರ) ಮಕ್ಕಳ ಭವಿಷ್ಯದ ಚಿಂತೆ ತೋಡಿಕೊಂಡಾಗ, ಇಹದಲ್ಲೂ ಪರದಲ್ಲೂ ಇವರ ವಲಿ ನಾನಿರುವಾಗ ಬಡತನದ ಭಯವೇಕೆ ಎಂಬ ಅರ್ಥದ ಮಾತು ಹೇಳಿದರು. ಅಡುಗೆ, ಕ್ಷೌರ, ಜವಾಬ್ದಾರಿ, ಮೂರೂ ಆ ಮನೆಯ ಹೊಸ್ತಿಲಿಗೇ ಬಂದವು.

ತಾಯಿ ಮಗುವನ್ನು ಅಗಲಿಸಿದವನನ್ನು ಕಿಯಾಮತ್ ದಿನ ಅಲ್ಲಾಹನು ಅವನ ಪ್ರೀತಿಪಾತ್ರರಿಂದ ಅಗಲಿಸುವನು ಎಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಅದು ಬಂದದ್ದು ಯುದ್ಧದಲ್ಲಿ ಸೆರೆಸಿಕ್ಕವರ ವಿಷಯದಲ್ಲಿ. ಸೆರೆಯಾಳು ತಾಯಿಯ ವಿಷಯದಲ್ಲೇ ಇಷ್ಟು ಕಟ್ಟುನಿಟ್ಟಾದರೆ, ನಮ್ಮದೇ ಮಹಲ್ಲಾದ ವಿಧವೆಯ ವಿಷಯದಲ್ಲಿ ಎಷ್ಟಿರಬೇಕು?

ತಾಯಂದಿರು ಬೆಳೆಸಿದ ಇಮಾಮರು, ಕೈರೋದ ವಕ್ಫ್

ಈ ದಾರಿ ಮುಂದೆಯೂ ಉಳಿಯಿತು. ಖಲೀಫಾ ಉಮರ್(ರ) ಮೊದಲು ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್‌ಮಾಲ್‌ನಿಂದ ಭತ್ಯೆ ಕೊಡುತ್ತಿದ್ದರು. ಒಂದು ರಾತ್ರಿ ಗಸ್ತಿನಲ್ಲಿ ಮಗುವೊಂದು ಬಿಡದೆ ಅಳುವುದು ಕೇಳಿಸಿತು. ಭತ್ಯೆ ಸಿಗಲೆಂದು ತಾಯಿ ಮಗುವಿಗೆ ಬೇಗ ಹಾಲು ಬಿಡಿಸುತ್ತಿದ್ದಾಳೆ ಎಂದು ಗೊತ್ತಾದಾಗ ಅವರು ತಮ್ಮನ್ನೇ ಹಳಿದುಕೊಂಡು, ಹುಟ್ಟಿದ ದಿನದಿಂದಲೇ ಭತ್ಯೆ ಎಂದು ಸಾರಿದರು. ನಿಯಮದ ತಪ್ಪಿನಿಂದ ತಾಯಿ ಮಗುವಿಗೆ ಕಷ್ಟವಾದರೆ ಬದಲಾಗಬೇಕಾದದ್ದು ನಿಯಮ. ಖಲೀಫರೊಬ್ಬರು ಕಲಿತ ಪಾಠ ಇದು.

ನಮ್ಮ ದೊಡ್ಡ ಇಮಾಮರ ಜೀವನ ನೋಡಿ. ಇಮಾಮ್ ಶಾಫಿಈ, ಇಮಾಮ್ ಅಹ್ಮದ್ ಬಿನ್ ಹಂಬಲ್, ಇಮಾಮ್ ಬುಖಾರಿ, ಈ ಮೂವರೂ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಯತೀಮರು. ಮೂವರನ್ನೂ ಬೆಳೆಸಿದ್ದು ತಾಯಂದಿರು. ಕ್ರಿ.ಶ. 767ರಲ್ಲಿ ಗಾಝಾದಲ್ಲಿ ಹುಟ್ಟಿದ ಶಾಫಿಈ ಅವರನ್ನು ತಾಯಿ ಮಕ್ಕಾಕ್ಕೆ, ತಂದೆಯ ಕುಲದವರಿರುವ ಊರಿಗೆ ಕರೆದುಕೊಂಡು ಹೋದರು. ಗುರುಗಳಿಗೆ ಕೊಡಲು ಹಣವಿರಲಿಲ್ಲ. ಹುಡುಗ ಇತರ ಮಕ್ಕಳಿಗೆ ಪಾಠ ಒಪ್ಪಿಸಲು ಸಹಾಯ ಮಾಡುತ್ತಿದ್ದನೆಂದು ಗುರುಗಳು ಫೀಸು ಬಿಟ್ಟರು. ಒಬ್ಬ ವಿಧವೆಯ ಹಟ ಮತ್ತು ಒಬ್ಬ ಉಸ್ತಾದರ ಉದಾರತೆ, ಇಷ್ಟರಿಂದ ಒಂದು ಮಝ್‌ಹಬಿನ ಇಮಾಮ್ ತಯಾರಾದರು.

ಈಜಿಪ್ಟಿನಲ್ಲಿ ಮಮ್ಲೂಕ್ ಸುಲ್ತಾನರ ಕಾಲದಲ್ಲಿ ಯತೀಮರಿಗಾಗಿಯೇ ವಕ್ಫ್ ಮಾಡುವುದು ದೊಡ್ಡ ಸಂಪ್ರದಾಯವಾಯಿತು. ಸುಲ್ತಾನ್ ಕಲಾವೂನ್ ಕೈರೋದಲ್ಲಿ ಹೆಸರಾಂತ ಆಸ್ಪತ್ರೆ ಮತ್ತು ಮದ್ರಸಾ ಕಟ್ಟಿಸಿದ್ದು 1284-85ರಲ್ಲಿ. ಇಲ್ಲಿ ನಮ್ಮ ಹಳೇಬೀಡಿನಲ್ಲಿ, ಅಂದಿನ ದೋರಸಮುದ್ರದಲ್ಲಿ, ಹೊಯ್ಸಳ ದೊರೆ ಮೂರನೇ ನರಸಿಂಹ ಆಳುತ್ತಿದ್ದ ಕಾಲ ಅದು. ಅಂಥ ವಕ್ಫ್‌ಗಳಲ್ಲಿ ಯತೀಮರ ಮಕ್ತಬ್ ಎಂಬ ಪಾಠಶಾಲೆಗಳಿರುತ್ತಿದ್ದವು. ವಕ್ಫ್‌ನ ಆದಾಯದಲ್ಲಿ ಉಸ್ತಾದರಿಗೆ ಸಂಬಳ, ಮಕ್ಕಳಿಗೆ ರೊಟ್ಟಿ, ವರ್ಷಕ್ಕೆ ಬಟ್ಟೆ. ಮಕ್ಕಳು ಓದಲು ಬರುತ್ತಿದ್ದರು, ಓದಿ ಮನೆಗೆ ಹೋಗುತ್ತಿದ್ದರು. ಮಗುವಿನ ಜೊತೆ ರೊಟ್ಟಿಯೂ ಮನೆಗೆ ಹೋದರೆ ತಾಯಿಗೆ ಮಗುವನ್ನು ಓದಿಗೆ ಕಳಿಸಲು ಧೈರ್ಯ ಬರುತ್ತದೆ.

ನಮ್ಮ ಹೊಲಗಳ ವೀರಗಲ್ಲು

ಇದು ಅರಬ್ ನಾಡಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಅರಸೀಕೆರೆಯಿಂದ ಹಳೇಬೀಡು, ಬೇಲೂರಿನ ಕಡೆ ಹೋಗುವಾಗ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರ ಮುಂದೆ ವೀರಗಲ್ಲುಗಳು ಕಾಣುತ್ತವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತಲೋ, ಊರಿಗಾಗಿ ಕಾದುತ್ತಲೋ ಸತ್ತವರ ಕಲ್ಲುಗಳವು. ಹಾಗೆ ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರು. ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ ಎಂದರ್ಥ. ಸತ್ತವನ ಹೆಂಡತಿ ಮಕ್ಕಳು ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ತಮ್ಮದೇ ನೆಲ ಉತ್ತು ಬದುಕಬೇಕು ಎಂಬುದು ಅದರ ಹಿಂದಿನ ಬುದ್ಧಿ. ನಮ್ಮ ಹಿರಿಯರು, ಯಾವ ಧರ್ಮದವರೇ ಆಗಲಿ, ಈ ಮಣ್ಣಿನಲ್ಲಿ ಈ ನ್ಯಾಯವನ್ನು ಕಂಡವರು.

ಬರದ ನಂತರ ಎದ್ದ ಕಟ್ಟಡಗಳು

ಹಾಗಾದರೆ ಇಂದು ನಾವು ಕಾಣುವ ಅನಾಥಾಲಯ, ಅಂದರೆ ಎತ್ತರದ ಗೋಡೆ, ಸಾಲು ಮಂಚ, ಗಂಟೆ ಹೊಡೆದರೆ ಊಟ, ಇದು ನಮ್ಮ ಕಡೆಗೆ ಯಾವಾಗ ಬಂತು? ಉತ್ತರ 1876-78ರ ಮಹಾ ಬರದಲ್ಲಿದೆ. ಹಳಬರು ಧಾತು-ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರಲ್ಲ, ಅದೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಎಣಿಕೆಯಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತು. ಮನೆಗೆ ಮನೆಗಳೇ ಖಾಲಿಯಾದವು. ಅಪ್ಪ, ಅಮ್ಮ, ತಾತ, ಚಿಕ್ಕಪ್ಪ ಯಾರೂ ಉಳಿಯದ ಮಕ್ಕಳು ಗಂಜಿ ಕೇಂದ್ರಗಳಲ್ಲಿ, ರಸ್ತೆಗಳಲ್ಲಿ ಸಿಕ್ಕರು. ಇವರು ನಿಜವಾದ ಅರ್ಥದಲ್ಲಿ ಅನಾಥರು.

ವೆಸ್ಲಿಯನ್ ಮಿಷನ್‌ನವರು ಆ ಬರದ ಮಕ್ಕಳಲ್ಲಿ ಹೆಣ್ಣುಮಕ್ಕಳಿಗಾಗಿ ನಮ್ಮ ಹಾಸನದಲ್ಲಿ, ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿ ಅನಾಥಾಲಯ ನಡೆಸಿದರು. ಸಾಯುವ ಮಗುವಿಗೆ ಅನ್ನ ಹಾಕಿದವರ ಋಣವನ್ನು ಒಪ್ಪಿಕೊಳ್ಳಬೇಕು. ಅದನ್ನು ನೋಡಿ ಉಳಿದ ಸಮುದಾಯಗಳಿಗೂ ಎಚ್ಚರವಾಯಿತು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದರು. ಮುಸ್ಲಿಮರಲ್ಲಿ ಲಾಹೋರಿನ ಅಂಜುಮನ್ ಹಿಮಾಯತೆ ಇಸ್ಲಾಂ 1884ರಲ್ಲಿ ಸ್ಥಾಪನೆಯಾಗಿ ಯತೀಮ್‌ಖಾನೆ ತೆರೆಯಿತು. ಅಲ್ಲಾಮಾ ಇಕ್ಬಾಲ್ 1900ರಲ್ಲಿ ಅದರ ವಾರ್ಷಿಕ ಸಭೆಯಲ್ಲೇ ಯತೀಮನ ಅಳಲಿನ ಕವಿತೆ ಓದಿದ್ದು. 1921ರ ಮಲಬಾರ್ ಹೋರಾಟದಲ್ಲಿ ಸಾವಿರಾರು ಮಾಪಿಳ್ಳ ಗಂಡಸರು ಸತ್ತರು, ಜೈಲು ಸೇರಿದರು, ಅಂಡಮಾನಿಗೆ ಹೋದರು. ಪಂಜಾಬಿನ ಮೌಲಾನಾ ಅಬ್ದುಲ್ ಕಾದಿರ್ ಕಸೂರಿಯವರ ಪ್ರಯತ್ನದಿಂದ 1922ರಲ್ಲಿ ಕ್ಯಾಲಿಕಟ್‌ನಲ್ಲಿ ಜೆಡಿಟಿ ಇಸ್ಲಾಂ ಅನಾಥಾಲಯ ಶುರುವಾಯಿತು. 1943ರಲ್ಲಿ ಕಾಲರಾ ಮತ್ತು ಹಸಿವು ಮಲಬಾರನ್ನು ಹಿಂಡಿದಾಗ ತಿರೂರಂಗಾಡಿ ಯತೀಮ್‌ಖಾನೆ ಹುಟ್ಟಿತು. ಬೆಂಗಳೂರಿನ ಡಿಕನ್ಸನ್ ರಸ್ತೆಯ ಮುಸ್ಲಿಂ ಅನಾಥಾಲಯದ ಹೆಸರು ನಮ್ಮ ಜಿಲ್ಲೆಯ ಅನೇಕರಿಗೆ ಪರಿಚಿತ.

ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ಬರ, ರೋಗ, ದಂಗೆಗಳ ಆಪತ್ಕಾಲದಲ್ಲಿ. ಪ್ರವಾಹ ಬಂದಾಗ ಗಂಜಿ ಕೇಂದ್ರ ಬೇಕು. ನೀರು ಇಳಿದ ಮೇಲೂ ಗಂಜಿ ಕೇಂದ್ರ ಮುಚ್ಚದೆ, ಮನೆ ಇರುವವರನ್ನೂ ಅಲ್ಲಿಗೇ ಕರೆದರೆ ಹೇಗೆ? ನಮ್ಮಲ್ಲಿ ಆದದ್ದು ಅದೇ. ಬರ ಹೋಯಿತು, ಪ್ಲೇಗು ಹೋಯಿತು, ಕಟ್ಟಡ ಉಳಿಯಿತು. ದಾನ ಕೊಡುವವರಿಗೆ ಕಟ್ಟಡ ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲೆ ಹೆಸರು ಬರುತ್ತದೆ. ವಿಧವೆಯ ಡಬ್ಬಿಯಲ್ಲಿರುವ ಅಕ್ಕಿಯ ಮೇಲೆ ಯಾರ ಹೆಸರೂ ಬರುವುದಿಲ್ಲ. ಹೀಗೆ ತಾಯಿ ಇರುವ ಬಡ ಮಕ್ಕಳು ನಿಧಾನವಾಗಿ ಆ ಮಂಚಗಳನ್ನು ತುಂಬಿದರು.

ಕಾನೂನು ತಡವಾಗಿ ಕಲಿತದ್ದು

2014ರ ಮೇ ತಿಂಗಳಲ್ಲಿ ಜಾರ್ಖಂಡ್, ಬಿಹಾರದ ಕಡೆಯಿಂದ ಕೇರಳದ ಯತೀಮ್‌ಖಾನೆಗಳಿಗೆ ರೈಲಿನಲ್ಲಿ ಹೊರಟಿದ್ದ ನೂರಾರು ಮಕ್ಕಳನ್ನು ಪಾಲಕ್ಕಾಡ್ ನಿಲ್ದಾಣದಲ್ಲಿ ಅಧಿಕಾರಿಗಳು ತಡೆದದ್ದು ನಿಮಗೆ ನೆನಪಿರಬಹುದು. ಮಕ್ಕಳ ಸಾಗಾಟ ಎಂದು ಕೆಲವರು ಆರೋಪಿಸಿದರು, ಓದಿಸಲು ಕರೆದದ್ದು ಎಂದು ಸಂಸ್ಥೆಗಳು ಹೇಳಿದವು. ಆ ವಾದಕ್ಕೆ ನಾನು ಹೋಗುವುದಿಲ್ಲ. ನನ್ನನ್ನು ಕಾಡಿದ್ದು ಇಷ್ಟೇ: ಅವರಲ್ಲಿ ಅನೇಕರಿಗೆ ತಂದೆ ತಾಯಿ ಇದ್ದರು. ತಮ್ಮ ಹಳ್ಳಿಯಲ್ಲಿ ಒಳ್ಳೆಯ ಶಾಲೆ ಮತ್ತು ಎರಡು ಹೊತ್ತಿನ ಊಟ ಇಲ್ಲದ್ದಕ್ಕೆ ಎರಡು ಸಾವಿರ ಕಿಲೋಮೀಟರ್ ಆಚೆ ಹೋಗಿ ಅನಾಥರಾಗಬೇಕಿತ್ತು.

2004ರ ಸುನಾಮಿಯ ನಂತರ ತಮಿಳುನಾಡಿನ ಕೆಲವು ಅನಾಥಾಲಯಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವರದಿ 2007ರಲ್ಲಿ ಪತ್ರಿಕೆಯಲ್ಲಿ ಬಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಮೇ 5ರಂದು ಬಂದ ತೀರ್ಪು ಮಕ್ಕಳನ್ನು ಇಟ್ಟುಕೊಳ್ಳುವ ಎಲ್ಲ ಸಂಸ್ಥೆಗಳೂ ಆ ವರ್ಷದ ಕೊನೆಯೊಳಗೆ ನೋಂದಣಿಯಾಗಬೇಕು ಎಂದಿತು. 2015ರ ಬಾಲ ನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಎರಡು ಮಾತುಗಳಿವೆ: ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಬೇರೆಲ್ಲ ದಾರಿ ಮುಚ್ಚಿದ ಮೇಲಿನ ಕೊನೆಯ ದಾರಿ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಇಸ್ಲಾಮಿನ ಕಫಾಲತ್‌ನ ಹೆಸರೇ ಇದೆ. ಮಗುವಿನ ತಂದೆಯ ಹೆಸರನ್ನು ಅಳಿಸದೆ, ಅವನ ಆಸ್ತಿಯನ್ನು ಕಸಿಯದೆ, ಅವನ ಖರ್ಚು ಮತ್ತು ಕಾಳಜಿಯನ್ನು ಹೊರುವುದೇ ಕಫಾಲತ್. ಜಗತ್ತು ನಮ್ಮ ಪದವನ್ನು ಪುಸ್ತಕದಲ್ಲಿ ಬರೆದುಕೊಂಡಿದೆ. ನಾವು ಮಾತ್ರ ಅದನ್ನು ರಮಝಾನಿನ ಭಿತ್ತಿಪತ್ರದಲ್ಲಿ ಬಿಟ್ಟಿದ್ದೇವೆ.

ವಸತಿ ಬೇಕಾಗುವುದು ಯಾವಾಗ?

ಯತೀಮ್‌ಖಾನೆಗಳನ್ನೆಲ್ಲ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾರಾದರೂ ಅರ್ಥ ಮಾಡಿಕೊಂಡರೆ ಅದು ಅನ್ಯಾಯ. ತಾಯಿಯೂ ಇಲ್ಲದ, ಬಂಧುಗಳೂ ಒಲ್ಲದ ಮಗುವಿದೆ. ಮನೆಯಲ್ಲೇ ಹೊಡೆತ ತಿನ್ನುವ, ಮನೆಯಲ್ಲೇ ಮಾನಕ್ಕೆ ಅಪಾಯ ಇರುವ ಮಗುವಿದೆ. ಅಂಥವರಿಗೆ ಬಾಗಿಲು ತೆರೆದ ಒಂದು ಸುರಕ್ಷಿತ ಮನೆ ಬೇಕೇ ಬೇಕು. 2021ರ ಕೋವಿಡ್ ಅಲೆಯಲ್ಲಿ ಒಂದೇ ವಾರದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ನೋಡಿದೆವು. ಆಗ ಕರ್ನಾಟಕ ಸರ್ಕಾರ ತಂದ ಬಾಲ ಸೇವಾ ಯೋಜನೆಯ ಕ್ರಮವೂ ಕಲಿಯುವಂಥದ್ದು: ಸಾಕುವ ಬಂಧು ಇದ್ದರೆ ಅವರಿಗೆ ತಿಂಗಳಿಗೆ 3,500 ರೂಪಾಯಿ, ಯಾರೂ ಇಲ್ಲದ ಚಿಕ್ಕ ಮಕ್ಕಳಿಗೆ ಮಾತ್ರ ಪಾಲನಾ ಸಂಸ್ಥೆ.

ಓದಿಗಾಗಿ ಹಾಸ್ಟೆಲ್‌ನಲ್ಲಿರುವುದು ಬೇರೆ ವಿಷಯ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ನಿಧನರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ, ಸುಮಾರು ಹತ್ತು ಸಾವಿರ ಮಕ್ಕಳು ಜಾತಿ ಮತದ ಭೇದವಿಲ್ಲದೆ ಉಂಡು ಓದಿದರು. ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೂ ಆರನೇ ತರಗತಿಯಿಂದ ಜಾಗವಿದೆ. ಅಲ್ಲಿ ಮಗು ಹೋಗುವುದು ವಿದ್ಯಾರ್ಥಿಯಾಗಿ, ಅನಾಥನಾಗಿ ಅಲ್ಲ. ರಜೆ ಬಂದರೆ ತನ್ನ ಮನೆ ಇದೆ ಎಂಬ ಧೈರ್ಯ ಅದಕ್ಕಿರುತ್ತದೆ. ಆರು ವರ್ಷದ ಮಗುವನ್ನು ಬಡತನ ಎಂಬ ಒಂದೇ ಕಾರಣಕ್ಕೆ ತಾಯಿಯಿಂದ ದೂರ ಕಳಿಸುವುದು ಇದಲ್ಲ. ಹನಫಿ ಫಿಕ್ಹ್‌ನಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುವುದು ತಾಯಿಯ ಹಕ್ಕು ಎಂಬುದನ್ನು ಮರೆಯಬಾರದು.

ನಮ್ಮ ಜಮಾಅತ್‌ಗಳು ಮಾಡಬಹುದಾದದ್ದು

ಅರಸೀಕೆರೆ, ಬೇಲೂರು, ಹಳೇಬೀಡಿನ ಮಸೀದಿಗಳ ಮುತವಲ್ಲಿಗಳಿಗೆ, ಯುವಕರಿಗೆ ಕೆಲವು ಮಾತು ಹೇಳುತ್ತೇನೆ.

ಮೊದಲನೆಯದು, ಪ್ರತಿ ಮಸೀದಿಯಲ್ಲೂ ಒಂದು ನೋಟ್‌ಬುಕ್ ಇಡಿ. ಮಹಲ್ಲಾದಲ್ಲಿ ತಂದೆಯಿಲ್ಲದ ಮಕ್ಕಳು ಎಷ್ಟು, ತಾಯಿ ಏನು ಮಾಡುತ್ತಾಳೆ, ಯಾವ ಶಾಲೆ, ಯಾವ ತರಗತಿ, ಇಷ್ಟು ಬರೆಯಿರಿ. ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವವರನ್ನೂ ಬಿಡಬೇಡಿ. ಆ ಪುಸ್ತಕ ಮುತವಲ್ಲಿಯ ಕೈಯಲ್ಲಿರಲಿ, ಮೈಕಿನಲ್ಲಿ ಹೆಸರು ಓದಬೇಡಿ. ಮಗುವನ್ನು ನಿಲ್ಲಿಸಿ ಫೋಟೋ ತೆಗೆದು ಹಂಚಬೇಡಿ.

ಎರಡನೆಯದು, ಝಕಾತ್. ಯತೀಮ್ ಎಂಬ ಕಾರಣಕ್ಕೆ ಯಾರೂ ಝಕಾತ್‌ಗೆ ಅರ್ಹರಾಗುವುದಿಲ್ಲ, ಬಡವರಾಗಿದ್ದರೆ ಆಗುತ್ತಾರೆ. ಬಡ ವಿಧವೆಗೆ ರಮಝಾನಿನಲ್ಲಿ ಒಂದು ಕಿಟ್ ಕೊಟ್ಟು ಹನ್ನೊಂದು ತಿಂಗಳು ಮರೆಯುವ ಬದಲು, ಹತ್ತು ಮನೆಯವರು ಸೇರಿ ಒಂದು ಯತೀಮನ ಮನೆಗೆ ತಿಂಗಳ ತಿಂಗಳ ಮೊತ್ತ ಕಟ್ಟಿ. ಕೇರಳದ ಕಾರಂದೂರಿನ ಮರ್ಕಝ್‌ನಂಥ ಸಂಸ್ಥೆಗಳು ಯತೀಮರನ್ನು ತಾಯಿಯ ಮನೆಯಲ್ಲೇ ಉಳಿಸಿ ನೆರವು ಕಳಿಸುವ ಯೋಜನೆ ನಡೆಸುತ್ತಿವೆ. ನಮ್ಮಿಂದ ಆಗದ ಕೆಲಸವಲ್ಲ.

ಮೂರನೆಯದು, ಸರ್ಕಾರದ ಹಕ್ಕು ಕೊಡಿಸಿ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆದಾಯ ಪತ್ರ, ಬ್ಯಾಂಕ್ ಖಾತೆ ಮಾಡಿಸಿಕೊಡುವ ಓದಿದ ಹುಡುಗರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ವಿಧವಾ ವೇತನದ ಕಾಗದವನ್ನೂ ಅದೇ ದಿನ ಮಾಡಿಸಬಹುದು.

ನಾಲ್ಕನೆಯದು, ತಾತಂದಿರಿಗೆ. ಮಗ ತಂದೆಯ ಮುಂದೆಯೇ ತೀರಿಕೊಂಡರೆ, ಉಳಿದ ಗಂಡುಮಕ್ಕಳಿರುವಾಗ ಮೊಮ್ಮಕ್ಕಳಿಗೆ ವಾರಸಿನ ಪಾಲು ಬರುವುದಿಲ್ಲ. ಆದರೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ಅವರ ಹೆಸರಿಗೆ ವಸಿಯ್ಯತ್ ಮಾಡಲು ಶರೀಅತ್ ದಾರಿ ಕೊಟ್ಟಿದೆ. ಬದುಕಿರುವಾಗಲೇ ಬರೆದಿಡಿ. ಯತೀಮರ ಮಾಲು ನುಂಗುವವರ ಬಗ್ಗೆ ಸೂರಾ ಅನ್ನಿಸಾದಲ್ಲಿರುವ ಎಚ್ಚರಿಕೆ ಚಿಕ್ಕಪ್ಪ ದೊಡ್ಡಪ್ಪಂದಿರಿಗೂ ಅನ್ವಯಿಸುತ್ತದೆ.

ಐದನೆಯದು, ಅರಸೀಕೆರೆ ದೊಡ್ಡ ಜಂಕ್ಷನ್. 1889ರಲ್ಲಿ ಬೆಂಗಳೂರು-ಹರಿಹರ ರೈಲು ಬಂದಂದಿನಿಂದ ಇಲ್ಲಿ ಜನ ಇಳಿಯುತ್ತಲೇ ಇದ್ದಾರೆ. ಒಂಟಿ ಮಗು ಕಂಡರೆ ಮನೆಗೋ ಮದ್ರಸಾಗೋ ಕರೆದುಕೊಂಡು ಹೋಗಬೇಡಿ, ಉದ್ದೇಶ ಒಳ್ಳೆಯದಾದರೂ ಅದು ಕಾನೂನಿಗೆ ವಿರುದ್ಧ. 1098ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆ ಪೊಲೀಸರಿಗೆ ತಿಳಿಸಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದರ ತಾಯಿ ಎಲ್ಲೋ ಹುಡುಕುತ್ತಿರಬಹುದು.

ಕೊನೆಯದಾಗಿ, ಮಗುವನ್ನು ಸಂಸ್ಥೆಗೆ ಕಳಿಸಲೇಬೇಕಾದರೆ ನೋಂದಣಿಯಾಗಿರುವ ಜಾಗಕ್ಕೇ ಕಳಿಸಿ. ಪತ್ರ ಬರೆದುಕೊಟ್ಟ ಇಮಾಮ್ ವರ್ಷಕ್ಕೆ ಎರಡು ಸಲವಾದರೂ ಹೋಗಿ ಮಗುವಿನ ಜೊತೆ ಕುಳಿತು ಮಾತಾಡಿ ಬರಲಿ. ತಾಯಿಗೆ ಬಸ್ ಚಾರ್ಜು ಕೊಡಿ.

ಆ ಇಬ್ಬರು ಹುಡುಗರ ವಿಷಯಕ್ಕೆ ಬರುತ್ತೇನೆ. ಚಿಕ್ಕವನ ಪ್ರಶ್ನೆ ಕೇಳಿದ ಮೇಲಿನ ಜುಮಾದಲ್ಲಿ ನಾನು ಮಿಂಬರಿನ ಹತ್ತಿರ ನಿಂತು ಹೆಸರು ಹೇಳದೆ ನನ್ನ ತಪ್ಪನ್ನು ಹೇಳಿದೆ. ನಮಾಝ್ ಆದ ಮೇಲೆ ಏಳು ಮನೆಯವರು ಮುಂದೆ ಬಂದರು. ಮುಂದಿನ ಶಾಲಾ ವರ್ಷಕ್ಕೆ ಚಿಕ್ಕವನು ತಾಯಿಯ ಬಳಿಗೆ ಬಂದ, ಊರಿನ ಶಾಲೆಗೆ ಸೇರಿದ. ದೊಡ್ಡವನು ಅಲ್ಲೇ ಹಿಫ್ಝ್ ಮುಗಿಸುತ್ತೇನೆ ಎಂದ, ಅದು ಅವನ ಇಚ್ಛೆ. ಚಿಕ್ಕವನು ಈಗಲೂ ರಾತ್ರಿ ಎದ್ದು ಅಮ್ಮಿ ಮಲಗಿದ್ದಾಳೆಯೇ ಎಂದು ನೋಡುತ್ತಾನಂತೆ. ನಾಲ್ಕು ವರ್ಷವನ್ನು ನಾವು ಅವನಿಗೆ ಹಿಂದಿರುಗಿಸಿ ಕೊಡಲಾರೆವು.

ಯತೀಮನ ಹೊಣೆ ಹೊತ್ತವನು ಸ್ವರ್ಗದಲ್ಲಿ ತಮಗೆ ಎಷ್ಟು ಹತ್ತಿರ ಇರುತ್ತಾನೆ ಎಂದು ಪ್ರವಾದಿಯವರು(ಸ) ಎರಡು ಬೆರಳು ತೋರಿಸಿ ಹೇಳಿದ್ದು ನಮಗೆಲ್ಲ ಬಾಯಿಪಾಠ. ಹೊಣೆ ಹೊರುವುದು ಎಂದರೆ ಮೊಹರು ಒತ್ತುವುದಲ್ಲ, ಜಅಫರ್‌ರ(ರ) ಮನೆಗೆ ಅವರು ಹೋದಂತೆ ನಾವೂ ಆ ಮನೆಗೆ ಹೋಗುವುದು. ಅಲ್ಲಾಹನು ನಮ್ಮ ಮಹಲ್ಲಾದ ಯಾವ ತಾಯಿಯ ಮಡಿಲೂ ಬಡತನದ ಕಾರಣಕ್ಕೆ ಬರಿದಾಗದಂತೆ ಮಾಡಲಿ, ನಮ್ಮ ತಪ್ಪುಗಳನ್ನು ಮನ್ನಿಸಲಿ. ಆಮೀನ್.